ಕಾರವಾರದಿಂದ ಬಂದ ಬೋಟಿನ ಹಗ್ಗ

ಮೊದಲು ಆ ಬಾಗಿಲು ಮುಂದೆ ಮಾಡಿ ಕೂಡಿರಿ. ನಡುವೆ ಅದು ಗಾಳಿಗೆ ಬಡಿದರೆ ಹೇಳುವ ನನಗೇ ಎದೆ ಝಲ್ ಅನ್ನುತ್ತದೆ. ಇದು ಯಾರೋ ಯಾರಿಗೋ ಹೇಳಿದ ಸುದ್ದಿಯಲ್ಲ. ರೋಹಿಣಿ ನನ್ನ ಸೋದರಮಾವನ ಮಗಳು. ಇಳಕಲ್ಲಿನ ನೇಕಾರರ ಮನೆಯಲ್ಲಿ ಬೆಳೆದು, ಬಾಗಲಕೋಟೆಯ ಹಿನ್ನೀರಿನ ದಡದ ಊರಿಗೆ ಸೊಸೆಯಾಗಿ ಹೋದವಳು. ಸುಳ್ಳು ಹೇಳಿದರೆ ಅವಳಿಗೆ ಬಿಕ್ಕಳಿಕೆ ಬರುತ್ತದೆ, ಸಣ್ಣವಳಿದ್ದಾಗಿನಿಂದ. ಇದನ್ನು ಹೇಳುವಾಗ ಒಂದು ಸಲವೂ ಬಿಕ್ಕಲಿಲ್ಲ.

ಎರಡು ವರ್ಷದ ಹಿಂದೆ, ಉಳ್ಳಾಗಡ್ಡಿ ಕೀಳುವ ದಿನಗಳು. ರಾತ್ರಿ ಒಂಬತ್ತು ದಾಟಿತ್ತು. ರೋಹಿಣಿ ಮತ್ತು ಸೋಮವ್ವ ನವನಗರದ ಕೊನೆಯ ಬಸ್ಸಿಳಿದು ದಡದ ಹಾದಿ ಹಿಡಿದು ಮನೆಗೆ ಬರುತ್ತಿದ್ದರು. ಸೋಮವ್ವ ಅಂದರೆ ಊರಿನ ಕೂಲಿ ಹೆಣ್ಣುಮಕ್ಕಳ ಮುಂದಾಳು. ಅವಳು ಹೂಂ ಅಂದರೆ ಹದಿನಾಲ್ಕು ಮಂದಿ ಹೂಂ, ಅವಳು ಊಂಹೂಂ ಅಂದರೆ ಹದಿನಾಲ್ಕು ಮಂದಿಯೂ ಊಂಹೂಂ.

ಹಾದಿಯಲ್ಲಿ ಹಳೇ ಬಾವಿ. ಅದರ ಪಕ್ಕ ಆಲದ ಮರ. ಆಣೆಕಟ್ಟೆ ತುಂಬಿತೆಂದರೆ ಹಿನ್ನೀರು ಬಾವಿಯ ಕಟ್ಟೆಯವರೆಗೆ ಬಂದು ನಿಲ್ಲುತ್ತದೆ. ಅಮಾವಾಸ್ಯೆ ಅಂದುಕೊಳ್ಳಬೇಡಿ, ಬೆಳದಿಂಗಳು ಹಿಟ್ಟು ಚೆಲ್ಲಿದಂತೆ ಬಿದ್ದಿತ್ತು. ಅಷ್ಟರಲ್ಲಿ...

ಕರ್ರ್... ಕರ್ರ್... ಕರ್ರ್ರ್ರ್...

ಇಬ್ಬರೂ ನಿಂತರು.

"ಬಾವಿ ರಾಟಿ ಸಪ್ಪಳ ಅಲ್ಲೇನ?" ಸೋಮವ್ವ ಪಿಸುಗುಟ್ಟಿದಳು.

"ರಾಟಿ ಕಿತ್ತು ಇಪ್ಪತ್ತ ವರ್ಷ ಆತು."

"ಮತ್ತ?"

"ಸುಮ್ನಿರ."

ಮತ್ತೆ ಬಂತು. ಈ ಸಲ ಗೊತ್ತಾಯಿತು. ಬಾವಿಯಿಂದಲ್ಲ. ಆಲದ ಮರಕ್ಕೆ ಕಟ್ಟಿದ್ದ ಬೋಟಿನಿಂದ. ನಾಲ್ಕು ದಿನದ ಹಿಂದಷ್ಟೇ ಕಾರವಾರದಿಂದ ತಂದ ರೋಹಿಣಿಯ ಬೋಟು. ಕರ್ರ್... ಅಂದು ನಿಂತಿತು. ಆಮೇಲೆ, ಯಾರೋ ಭಾರವಾದವರು ಕುರ್ಚಿಯಲ್ಲಿ ಹೊರಳಿ ಕೂತ ಹಾಗೆ... ಕೀಂ... ವ್.

ಬೋಟಿನಲ್ಲಿ ಯಾರೂ ಇರಲಿಲ್ಲ. ಬೆಳದಿಂಗಳಲ್ಲಿ ಖಾಲಿ ಕುರ್ಚಿ ಚೆನ್ನಾಗಿಯೇ ಕಾಣುತ್ತಿತ್ತು.

ಸೋಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಲದ ಮರ ದಾಟಿ, ಹನುಮಪ್ಪನ ಗುಡಿ ದಾಟಿ, ಬೀದಿ ದೀಪದ ಬೆಳಕಿಗೆ ಬಂದ ಮೇಲೆ ಒಂದೇ ಮಾತು ಹೇಳಿದಳು.

"ಗುರುವಾರ ನಾವು ಹತ್ತಂಗಿಲ್ಲ, ರೋಹಿಣಿ."

ಹೊಸ ಬೋಟಿನ ಮೊದಲ ಸವಾರಿ ಗುರುವಾರಕ್ಕೆ ಗೊತ್ತಾಗಿತ್ತು. ಆ ಮಾತು ರೋಹಿಣಿಗೆ ದೆವ್ವಕ್ಕಿಂತ ಹೆಚ್ಚು ನಾಟಿತು. ಯಾಕೆಂದರೆ ಊರಿನವರ ಉಳ್ಳಾಗಡ್ಡಿ ಹೊಲಗಳೆಲ್ಲ ಆಚೆ ದಡದಲ್ಲಿ. ಸೇತುವೆ ಸುತ್ತಿ ಹೋದರೆ ಅರ್ಧ ದಿನ ಹಾದಿಯಲ್ಲೇ ಮುಗಿಯುತ್ತದೆ. ಹೆಂಗಸರನ್ನು ಆಚೆ ಈಚೆ ದಾಟಿಸುವ ಕೆಲಸ ರೋಹಿಣಿಯದು. ಹಿಂದಿನ ವರ್ಷ ಅವಳ ಹಲಗೆ ಬೋಟು ಗಾಳಿಗೆ ಮಗುಚಿತ್ತು. ಯಾರ ಜೀವವೂ ಹೋಗಲಿಲ್ಲ, ಆದರೆ ಬುತ್ತಿ ಗಂಟುಗಳು, ಎರಡು ಮೊಬೈಲು, ಸೋಮವ್ವನ ಬೆಳ್ಳಿ ಕಾಲುಂಗುರ ಎಲ್ಲ ನೀರು ಪಾಲು. ಅಂದಿನಿಂದ ಯಾರೂ ನೀರಿಗೆ ಇಳಿದಿರಲಿಲ್ಲ. ಚಹಾದಂಗಡಿಯ ಗಂಡಸರು ಹೆಂಗಸು ಬೋಟು ಹಿಡಿದರೆ ಇದೇ ಗತಿ ಅಂತ ನಕ್ಕರು. ರೋಹಿಣಿ ಅವರೆದುರೇ ನಿಂತು, "ಮಗಚಲಾರದ ಬೋಟು ತರ್ತೇನಿ. ತರದಿದ್ರ ಈ ನೀರಿನ ಕಡೆ ಮುಖಾ ಮಾಡಂಗಿಲ್ಲ" ಅಂದುಬಿಟ್ಟಿದ್ದಳು.

ಮಗುಚಲಾರದ ಬೋಟು ಯಾವುದು? ಆರು ತಿಂಗಳು ಮೊಬೈಲಿನಲ್ಲಿ ಹುಡುಕಿದಳು. ಕೊನೆಗೆ ಗೊತ್ತಾಗಿದ್ದು ಇದು. ಸಮುದ್ರದ ಒಳಗೆ ಬಹಳ ದೂರ ಹೋಗಿ, ಶೋಕಿಗೆ ಗಾಳ ಹಾಕಿ, ಆಳುದ್ದದ ಮೀನು ಹಿಡಿಯುವವರ ಬೋಟು ಬೇರೆಯೇ ಇರುತ್ತದೆ. ಅಗಲ ಹೊಟ್ಟೆ, ಅಡ್ಡಿಯಿಲ್ಲದ ಬಯಲು ನೆಲ, ಹಿಂದೆ ನೆಲಕ್ಕೆ ಬೋಲ್ಟು ಹಾಕಿದ ಒಂದು ಕುರ್ಚಿ, ಕುರ್ಚಿಗೆ ಬೆಲ್ಟು. ಮೀನು ಎಳೆದರೆ ಮನುಷ್ಯ ಹೋಗಬಾರದು, ಬೋಟೂ ವಾಲಬಾರದು. ಅಂಥ ಬೋಟು ಹದಿನಾಲ್ಕು ಹೆಂಗಸರಿಗೆ ಹೆದರುತ್ತದೆಯೇ? ಹೊಸದು ಕೊಳ್ಳುವ ಮಾತೇ ಇಲ್ಲ. ಹಳೇದು ನೋಡಲು ಮಾವನನ್ನು ಕರೆದುಕೊಂಡು ಗೋವೆಯ ಕಡೆ ಹೊರಟಳು.

ಮಾವ, ಅಂದರೆ ಗಂಡನ ಅಪ್ಪ ಯಂಕಪ್ಪ, ದನದ ದಲಾಲಿ. ನಲವತ್ತು ವರ್ಷ ಸಂತೆಯಲ್ಲಿ ಎತ್ತು ಹೋರಿ ನೋಡಿದ ಕಣ್ಣು. ಬೋಟನ್ನೂ ಹಾಗೇ ನೋಡಿದ. ಮುಂದೆ ಬಂದ, ಹಿಂದೆ ಹೋದ, ಬಗ್ಗಿ ಹೊಟ್ಟೆ ನೋಡಿದ, ಮೈಮೇಲೆ ಎಲ್ಲಾದರೂ ಕೆಟ್ಟ ಸುಳಿ ಇದೆಯೇನೋ ಅನ್ನುವಂತೆ ಕೈಯಾಡಿಸಿದ. ಮಾರುವವರು ಮುಖ ಮುಖ ನೋಡಿಕೊಂಡರು. ರೋಹಿಣಿಯ ಪರೀಕ್ಷೆ ಬೇರೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವಲ್ಲ, ಹಾಗೆ ಬೋಟಿನ ಮೈಯೆಲ್ಲ ಬಡಿಯುತ್ತ ಹೋಗುವುದು. ಟಣ್ ಟಣ್ ಅಂದರೆ ಗಟ್ಟಿ. ದಬ್ ಅಂದರೆ ಒಳಗೆ ನೀರು ಕುಡಿದಿದೆ.

ಮೊದಲನೆಯ ಬೋಟು ಹೊಸ ಬಣ್ಣದಲ್ಲಿ ಮದುಮಗನಂತೆ ನಿಂತಿತ್ತು. ಟಣ್, ಟಣ್, ಟಣ್, ದಬ್. ಅಲ್ಲೇ ಬಿಟ್ಟರು. ಎರಡನೆಯದರ ಮೈ ಗಟ್ಟಿ, ಎಂಜಿನ್ನು ಕೆಮ್ಮುತ್ತಿತ್ತು. ಮೂರನೆಯದನ್ನು ನೋಡಲು ಕಾರವಾರದ ಆಚೆ ಒಂದು ಅಳಿವೆಯ ದಡಕ್ಕೆ ಹೋದರು. ಮನೆಯ ಹಿತ್ತಲಿನಲ್ಲೇ ಬೋಟು ನಿಲ್ಲಿಸುವ ಸಣ್ಣ ಕಲ್ಲು ಧಕ್ಕೆ, ಧಕ್ಕೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಗೂಟ, ಗೂಟಕ್ಕೆ ನೀಲಿ ಹಗ್ಗದಿಂದ ಕಟ್ಟಿದ ಬಿಳಿ ಬೋಟು. ಇಡೀ ಮೈ ಬಡಿದಳು. ಟಣ್. ಎಲ್ಲ ಕಡೆ ಟಣ್. ರೋಹಿಣಿಗೆ ಕಣ್ಣಲ್ಲಿ ನೀರು ಬಂತು.

ಮಾರುವವರು ವರದಾ ಅಂತ, ಶಾಲೆಯ ಟೀಚರು. "ನಿಮಗೆ ಹೇಳದೆ ಮಾರುವುದಿಲ್ಲ" ಅಂದರು. "ಇದು ನನ್ನ ಅಣ್ಣ ಶಿರೀಷನದು. ಕಾಲೇಜಿನಲ್ಲಿ ಪಾಠ ಮಾಡ್ತಿದ್ದ. ಭಾನುವಾರ ಬಂದರೆ ಸಮುದ್ರ. ಎರಡು ವರ್ಷದ ಕೆಳಗೆ ಒಂದು ಭಾನುವಾರ ಬೋಟು ಮಾತ್ರ ಸಿಕ್ಕಿತು. ಎಂಜಿನ್ನು ಗುಟು ಗುಟು ಅಂತಲೇ ಇತ್ತು. ಗಾಳದ ದಾರ ಪೂರ್ತಿ ನೀರಿಗೆ ಹೋಗಿತ್ತು. ಕುರ್ಚಿಯ ಬೆಲ್ಟು..." ವರದಾ ಕುರ್ಚಿಯ ಕಡೆ ಕೈ ತೋರಿಸಿದರು. "ಬೆಲ್ಟು ಹಾಕಿದ ಹಾಗೇ ಇತ್ತು. ಒಳಗೆ ಅವನಿರಲಿಲ್ಲ. ನೀವು ಬೇಡ ಅಂದರೂ ನನಗೆ ಬೇಜಾರಿಲ್ಲ."

ಯಂಕಪ್ಪ ಸೊಸೆಯ ಮುಖ ನೋಡಿದ. ರೋಹಿಣಿ ಬೋಟಿನ ಮುಖ ನೋಡಿದಳು.

"ಇದರಾಗ ಬೋಟಿಂದೇನ ತಪ್ಪೈತ್ರಿ, ಅಕ್ಕಾರ?" ಅಂದಳು. ಮಾತು ಮುಗಿಯಿತು.

ಗಾಳದ ಕೋಲು, ದಾರದ ಗಾಲಿ ಎಲ್ಲವನ್ನೂ ವರದಾ ಅಣ್ಣನ ನೆನಪಿಗೆ ಇಟ್ಟುಕೊಂಡರು. ಇದನ್ನು ಮನಸ್ಸಿನಲ್ಲಿಡಿ. ಮೀನು ದಾರ ಎಳೆದರೆ ಕರ್ರ್ ಅನ್ನುವುದು ಆ ಗಾಲಿಯೇ, ಬೋಟಿನ ಜೊತೆ ಅಂಥದು ಒಂದೂ ಬರಲಿಲ್ಲ.

ಬೋಟು ಹೊರಲು ಗಂಡ ಪ್ರೇಮಕುಮಾರ ತನ್ನ ಲಾರಿ ತಂದಿದ್ದ. ಏರಿಸುವ ಹೊತ್ತಿಗೆ ರೋಹಿಣಿ ತಾನೇ ಗೂಟದಿಂದ ನೀಲಿ ಹಗ್ಗ ಬಿಚ್ಚಿ ಬೋಟಿನೊಳಗೆ ಸುತ್ತಿ ಹಾಕಿದಳು. ಯಂಕಪ್ಪ ಹೌಹಾರಿದ.

"ಹಗ್ಗಾ ಬಿಡು! ಮಾರಿದವರು ತಮ್ಮ ಕೈಯಾರೆ ಬಿಚ್ಚಿ ಇಟಗೋಬೇಕು. ಕೊಂಡವರು ತಮ್ಮ ಹಗ್ಗಾ ಹಾಕಿ ಹೊಡಕೊಂಡ ಹೋಗಬೇಕು. ಹಳೇ ಹಗ್ಗದ ಕೂಡ ಹಳೇ ಧಣಿ ಬರ್ತಾನ."

ನಮ್ಮ ಕಡೆ ಎತ್ತು ಎಮ್ಮೆ ಕೊಂಡವರಿಗೆಲ್ಲ ಇದು ಗೊತ್ತು. ಯಂಕಪ್ಪ ಅದಕ್ಕೇ ಊರಿನಿಂದ ಹೊಸ ಪುಂಡಿನಾರಿನ ಹಗ್ಗ ಹೊಸೆದು ಹೆಗಲಿಗೆ ಹಾಕಿಕೊಂಡೇ ಬಂದಿದ್ದ.

"ಮಾವ, ಇದು ಹೋರಿ ಅಲ್ಲ. ಸಮುದ್ರದ ಹಗ್ಗಾ, ಭಾಳ ಗಟ್ಟಿ ಐತಿ. ಬಿಡಂಗಿಲ್ಲ ನಾ."

ಊರಿಗೆ ತಂದು ನೀರಿಗಿಳಿಸಿದಾಗ ಆ ನೀಲಿ ಹಗ್ಗ ಉದ್ದ ಸಾಲದೆ ಆಲದ ಮರಕ್ಕೆ ಮುಟ್ಟಲಿಲ್ಲ. ರೋಹಿಣಿ ಬಾಗಲಕೋಟೆಯ ಪೇಟೆಯಿಂದ ಹಳದಿ ಹಗ್ಗ ತಂದು ಜೋಡಿಸಿದಳು. ಹೇಗೆ ಜೋಡಿಸಿದಳು ಅನ್ನುವುದೇ ಮುಖ್ಯ. ಇಳಕಲ್ ಸೀರೆಯಲ್ಲಿ ಸೆರಗಿನ ಎಳೆ ಬೇರೆ, ಮೈಯ ಎಳೆ ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಅವಳ ಬೆರಳಿಗೆ ಅದು ತವರಿನ ಪಾಠ. ಎರಡು ಹಗ್ಗದ ಎಳೆ ಬಿಡಿಸಿ, ಒಂದರೊಳಗೊಂದು ಕೊಂಡಿ ಹಾಕಿ, ಮೇಲೆ ಸೆರಗಿನ ಕೆಂಪು ರೇಷ್ಮೆ ಸುತ್ತಿದಳು. ಆ ಗಂಟು ಹೊರಗಿನವರಿಗೆ ಬಿಚ್ಚಲು ಬರುವುದಿಲ್ಲ.

ಪ್ರೇಮಕುಮಾರ ಮರುದಿನವೇ ಸಿಮೆಂಟು ತುಂಬಲು ಹೋದ. ಮೊದಲನೆಯ ಬೆಳಗ್ಗೆಯೇ ಬೋಟು ತಿರುಗಿ ನಿಂತಿತ್ತು. ಮೂತಿಗೆ ಹಗ್ಗ ಕಟ್ಟಿದ ಬೋಟು ಮರದ ಕಡೆಗೆ ಮುಖ ಮಾಡಬೇಕು. ಇದು ಮರಕ್ಕೆ ಬೆನ್ನು ಕೊಟ್ಟು, ಹಗ್ಗವನ್ನು ಮೈಗೆ ಸುತ್ತಿಕೊಂಡು, ಪಡುವಣಕ್ಕೆ ಮುಖ ಮಾಡಿ ಎಳೆಯುತ್ತಿತ್ತು. ಗಾಳಿಯಿರಲಿಲ್ಲ. ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ. ನಾಲ್ಕನೆಯ ರಾತ್ರಿ ಆ ಸಪ್ಪಳ... ಅದೂ ಸೋಮವ್ವನ ಕಿವಿಗೇ ಬೀಳಬೇಕೆ!

ಮರುದಿನ ಮಂಗಳವಾರ ಬೆಳಗಾಗುವುದರೊಳಗೆ ಊರೆಲ್ಲ ಸುದ್ದಿ. ಚಹಾದಂಗಡಿಯಲ್ಲಿ ನಗು. ಒಬ್ಬ ಮಂತ್ರ ಹಾಕಿಸು ಅಂದ, ಒಬ್ಬ ಕೋಳಿ ಕೊಡು ಅಂದ, ಇನ್ನೊಬ್ಬ ಮಾರಿಬಿಡು, ನಾನೇ ಕೊಳ್ಳುತ್ತೇನೆ ಅಂದ. ರೋಹಿಣಿಗೆ ಮೈಯೆಲ್ಲ ಉರಿಯಿತು.

"ಜೀವಂತ ಇದ್ದವ್ರಿಗೆ ಅಂಜಿಲ್ಲ, ಸತ್ತವ್ರಿಗೆ ಅಂಜ್ಲೇನು?" ಅಂದು ಮನೆಗೆ ಬಂದಳು. ಮಾವನ ಮುಂದೆ ಮಾತ್ರ ಕೂತು ಮೆಲ್ಲಗೆ ಕೇಳಿದಳು.

"ಮಾವ, ತಪ್ಪಿ ಹಳೇ ಹಗ್ಗಾ ಬಂದ್ರ ಏನ್ ಮಾಡ್ತೀರಿ?"

"ಕೊಯ್ಯಬಾರ್ದು. ಸುಡಬಾರ್ದು. ಧಣಿನ ಕರದು ಬಿಚ್ಚಸ್ಬೇಕು."

"ಧಣಿ ಇಲ್ಲದಿದ್ರ?"

ಯಂಕಪ್ಪ ಬೀಡಿ ಆರಿಸಿದ. "ಇಲ್ಲಂತ ಯಾರ್ ಅಂದ್ರು? ದಿನಾ ಬರಾಕ ಹತ್ಯಾನಲ್ಲ."

ಅಂದು ರಾತ್ರಿ ಉಂಡು, ಮುಸುರೆ ತೊಳೆದಿಟ್ಟು, ರೋಹಿಣಿ ದಡಕ್ಕೆ ಹೋದಳು. ಯಂಕಪ್ಪ ಬಾವಿಯ ಕಟ್ಟೆಯ ಮೇಲೆ ಕೂತ. ಅವನ ಹೆಗಲ ಮೇಲೆ ಆ ಪುಂಡಿನಾರಿನ ಹಗ್ಗ. ಅವಳು ಬೋಟು ಹತ್ತಿ ಸುತ್ತ ನೋಡಿದಳು. ಕೂಡಲು ಎಷ್ಟೋ ಜಾಗವಿತ್ತು. ಹೋಗಿ ಅದೇ ಕುರ್ಚಿಯಲ್ಲಿ ಕೂತಳು.

ಬಹಳ ಹೊತ್ತು ಏನೂ ಇಲ್ಲ. ನೀರು ಬೋಟಿನ ಮೈಗೆ ಪಚಕ್... ಪಚಕ್... ಅನ್ನುತ್ತಿತ್ತು. ದೂರದಲ್ಲಿ ಪಂಪ್‌ಸೆಟ್ಟು. ಆಮೇಲೆ ಪಂಪ್‌ಸೆಟ್ಟು ನಿಂತಿತು. ಪಚಕ್ ಕೂಡ ನಿಂತಿತು.

ಕರ್ರ್...

ಅವಳ ಬಲಗಿವಿಯ ಪಕ್ಕದಲ್ಲೇ. ಗಾಳದ ಕೋಲು ನಿಲ್ಲಿಸುವ ಖಾಲಿ ಕೊಳವೆಯಿಂದ.

ಕರ್ರ್... ಕರ್ರ್ರ್ರ್ರ್...

ಬೋಟು ಮೆಲ್ಲಗೆ ತಿರುಗಿತು. ಮರ ಹಿಂದಾಯಿತು. ಹಗ್ಗ ಬಿಗಿದು ಗುಂಯ್ ಅಂತು. ಉಪ್ಪಿನ ವಾಸನೆ ಬಂತು, ಹಿನ್ನೀರಿನಲ್ಲಿ ಎಂದೂ ಇರದ ವಾಸನೆ. ಅವಳ ಸೊಂಟದ ಮೇಲೆ ಏನೋ ತಣ್ಣಗೆ ಹರಿದು...

ಟಕ್.

ಬೆಲ್ಟು ತಾನಾಗಿ ಬಿಗಿದುಕೊಂಡಿತ್ತು.

ಅವಳ ಎದೆ ಬಾಯಿಗೆ ಬಂತು. ಬಾಯಿಗೆ ಬಂದದ್ದನ್ನು ನುಂಗಿದಳು. ಬೆಲ್ಟಿನ ಗುಂಡಿ ಒತ್ತಿದಳು, ಟಕ್, ಬಿಚ್ಚಿ ಪಕ್ಕಕ್ಕೆ ಎಸೆದಳು.

"ಕಟ್ಟಿ ಹಾಕಬ್ಯಾಡ್ರಿ ಸರ. ನಾ ಓಡಿ ಹೋಗಾಕಿ ಅಲ್ಲ." ದನಿ ನಡುಗಿತು. ಅದು ನಡುಗಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. "ಕೇಳ್ರಿ ಇಲ್ಲಿ. ಬೋಟು ನಂದು. ನಿಮ್ಮ ತಂಗಿ ಮನಸಾರೆ ಕೊಟ್ಟಾರ, ನಾ ಮನಸಾರೆ ತಂದೇನಿ. ನೀವು ಕಲ್ಲು ಹೊಡದ್ರೂ ಬಿಡಂಗಿಲ್ಲ. ಹಗ್ಗಾ ನಿಮ್ದು. ಅದು ನನ್ನ ತಪ್ಪು, ಒಪ್ಕೋತೇನಿ. ನಿಮ್ಮ ಕೈಲೆ ಬಿಚ್ಕೋರ್ರಿ. ಬಿಚ್ಕೊಂಡು ನಡೀರಿ."

ಸದ್ದಿಲ್ಲ. ಆಮೇಲೆ ಬೋಟಿನ ಮೂತಿಯ ಕಡೆ, ಹಗ್ಗ ಸುತ್ತುವ ಕಬ್ಬಿಣದ ಕೊಂಬಿನ ಹತ್ತಿರ, ಒದ್ದೆ ಬೆರಳುಗಳು ಹಗ್ಗ ತಡಕುವ ಸಪ್ಪಳ. ಪಿಚ್... ಪಿಚ್... ಒಂದು ಸುತ್ತು ಬಿಚ್ಚಿತು. ಎರಡು ಸುತ್ತು. ಹಗ್ಗದ ತುದಿ ನೀರಿಗೆ ಬಿತ್ತು, ಬುಳುಕ್. ಸಪ್ಪಳ ಹಗ್ಗದ ಗುಂಟ ದಡದ ಕಡೆಗೆ ಹೋಯಿತು. ಕೆಂಪು ರೇಷ್ಮೆಯ ಗಂಟಿನ ಹತ್ತಿರ ನಿಂತಿತು.

ಅಲ್ಲಿ ತಡಕಿತು. ಬಿಟ್ಟಿತು. ಮತ್ತೆ ತಡಕಿತು.

ರೋಹಿಣಿಗೆ ಆ ಹೊತ್ತಿನಲ್ಲೂ ಒಂದಿಷ್ಟು ಹೆಮ್ಮೆಯಾಯಿತಂತೆ.

"ಅದು ಇಳಕಲ್ಲದ ಗಂಟು. ನಿಮಗ ಬರಂಗಿಲ್ಲ. ಗಂಟಿನ ಸಮೇತ ಒಯ್ರಿ. ಆದ್ರ ನೆನಪಿರ್ಲಿ, ಹಳದಿ ಹಗ್ಗಾ ನಂದು. ಅದನ್ನ ಹೊಳ್ಳಿ ಕೊಡಬೇಕು!"

ಬಾವಿಯ ಕಟ್ಟೆಯಿಂದ ಯಂಕಪ್ಪ ನೋಡಿದ್ದು ಇಷ್ಟು. ಆಲದ ಬೇರಿಗೆ ಮೂರು ಸುತ್ತು ಹಾಕಿದ್ದ ಹಳದಿ ಹಗ್ಗ ತಾನಾಗಿ ಒಂದೊಂದೇ ಸುತ್ತು ಬಿಚ್ಚಿಕೊಂಡಿತು. ಕೆಸರಿನ ಮೇಲೆ ಸರ್ರ್... ಅಂತ ಹರಿದು ನೀರಿಗಿಳಿಯಿತು. ಅವನು ಎದ್ದು ನಿಂತ. ಹೆಸರು ಹಿಡಿದು ಕೂಗಲು ಬಾಯಿ ತೆರೆದ.

ಗುರ್ರ್ರ್ ಅಂತು. ಆ ಸಪ್ಪಳ ಮಾತ್ರ ಎಂಜಿನ್ನಿನದು. ರೋಹಿಣಿ ಬೋಟನ್ನು ತಿರುಗಿಸಿ ನೆಟ್ಟಗೆ ದಡಕ್ಕೆ ತಂದು ನಿಲ್ಲಿಸಿದಳು.

"ಮಾವ, ನಿಮ್ಮ ಹಗ್ಗಾ ಕೊಡ್ರಿ."

ಯಂಕಪ್ಪ ಪುಂಡಿನಾರಿನ ಹಗ್ಗವನ್ನು ತಾನೇ ಕಟ್ಟಿದ. ಗಂಟು ಗಟ್ಟಿ ಬಿತ್ತು. ಬೆಳಗ್ಗೆ ಬೋಟು ಮರಕ್ಕೆ ಮುಖ ಮಾಡಿ ನಿಂತಿತ್ತು.

ಬುಧವಾರ ಹತ್ತು ಗಂಟೆಗೆ ವರದಾ ಅವರ ಫೋನು.

"ಹಗ್ಗ ಯಾಕೆ ವಾಪಸ್ ಕಳಿಸಿದಿರಿ? ಯಾರ ಕೈಲಿ ಕಳಿಸಿದಿರಿ?"

ರೋಹಿಣಿ ವಿಡಿಯೋದಲ್ಲಿ ತೋರಿಸಿ ಅಂದಳು. ಕಲ್ಲು ಧಕ್ಕೆಯ ತುಕ್ಕು ಗೂಟಕ್ಕೆ ನೀಲಿ ಹಗ್ಗ ಸುತ್ತಿತ್ತು. ಅದಕ್ಕೆ ಅವಳ ಕೆಂಪು ಗಂಟು. ಗಂಟಿನಿಂದ ಕೆಳಗೆ ಅವಳ ಹಳದಿ ಹಗ್ಗ, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಇಲ್ಲಿಂದ ಅಲ್ಲಿಗೆ ಲಾರಿಗೆ ಇಡೀ ರಾತ್ರಿಯ ಹಾದಿ.

"ನೀಲಿ ನಿಮ್ಮದು, ಇಟಗೋರ್ರಿ. ಹಳದಿ ನಂದು" ಅಂದಳು.

"ಗಂಟು ಬಿಚ್ಚಲು ಬರ್ತಾ ಇಲ್ಲ. ಕತ್ತರಿಸಲೇ?"

"ಕೊಯ್ಯಬ್ಯಾಡ್ರಿ! ಹೇಳ್ಕೊಡ್ತೇನಿ. ಫೋನ್ ಜೋರಾಗಿ ಇಟ್ಟು, ಗೂಟದ ಹತ್ರನೇ ನಿಂದರ್ರಿ." ಮೊದಲು ರೇಷ್ಮೆ ಎಡಕ್ಕೆ ಸುತ್ತಿ ಬಿಡಿಸುವುದು, ಆಮೇಲೆ ನಡುವಿನ ಕೊಂಡಿ ಹಿಂದಕ್ಕೆ ನೂಕುವುದು, ತುದಿಯ ಕೊಂಡಿ ಕೊನೆಗೆ. ಎರಡು ಸಲ ಹೇಳಿದಳು. ವರದಾ ಅವರಿಗೆ ಬರಲೇ ಇಲ್ಲ. ಶಾಲೆಗೆ ಹೊತ್ತಾಯಿತು, ನಾಳೆ ನೋಡೋಣ ಅಂತ ಹಾಗೇ ಬಿಟ್ಟು ಹೋದರು.

ಗುರುವಾರ ನಸುಕಿನಲ್ಲಿ ರೋಹಿಣಿ ದಡಕ್ಕೆ ಬಂದಾಗ ಹೆಂಗಸರೆಲ್ಲ ಆಲದ ಮರದ ಕೆಳಗೆ ನಿಂತಿದ್ದರು. ಬುತ್ತಿ ಗಂಟು ಹಿಡಿದೇ ಬಂದಿದ್ದರು, ಹತ್ತಲು ಅಲ್ಲ, ನೋಡಲು. ಚಹಾದಂಗಡಿಯ ಗಂಡಸರೂ ಬಂದಿದ್ದರು. ಎಲ್ಲರೂ ಕುರ್ಚಿಯನ್ನೇ ನೋಡುತ್ತಿದ್ದರು.

ಕುರ್ಚಿಯಲ್ಲಿ ಹಳದಿ ಹಗ್ಗ. ಸುರುಳಿ ಸುತ್ತಿ ಒಪ್ಪವಾಗಿ ಇಟ್ಟಿತ್ತು. ಸುರುಳಿಯ ಮೇಲೆ ಕೆಂಪು ರೇಷ್ಮೆ ದಾರ ಬೇರೆಯಾಗಿ, ಉಂಡೆ ಮಾಡಿ. ಎಲ್ಲೂ ಕತ್ತರಿಸಿದ ಗುರುತಿಲ್ಲ. ಜಾರಿ ಬೀಳಬಾರದೆಂದು ಮೇಲೆ ಬೆಲ್ಟು ಹಾಕಿತ್ತು.

ರೋಹಿಣಿ ಬೋಟು ಹತ್ತಿದಳು. ಟಕ್ ಅಂತ ಬೆಲ್ಟು ಬಿಚ್ಚಿದಳು. ಹಗ್ಗವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಅವರ ಪಾಲು ಅವರಿಗೆ ಮುಟ್ಟೇತಿ, ನನ್ನ ಪಾಲು ನನಗ ಮುಟ್ಟೇತಿ. ಇನ್ನ ನಮ್ಮಿಬ್ರಿಗೂ ತಕರಾರಿಲ್ಲ. ಯಾರ್ ಹತ್ತವ್ರು ಹತ್ರಿ."

ಸೋಮವ್ವ ಸೀರೆ ಎತ್ತಿ ಕಟ್ಟಿದಳು.

"ತಗೊಂಡಿದ್ದ ತಿರುಗಿ ಕೊಡೋದು ಈ ಊರಾಗ ಜೀವಂತ ಇದ್ದವ್ರಿಗೇ ಆಗವಲ್ದು" ಅಂತ ಗಂಡಸರ ಕಡೆ ನೋಡಿ ಹೇಳಿ, ಮೊದಲು ಅವಳೇ ಹತ್ತಿದಳು. ಹಿಂದೆ ಹದಿನಾಲ್ಕು ಮಂದಿ. ಎಲ್ಲರೂ ಹೆದರಿ ಒಂದೇ ಕಡೆ ಒತ್ತಿ ಕೂತರು. ಬೋಟು ವಾಲಲಿಲ್ಲ. ಅಂದಿನಿಂದ ಇಂದಿನವರೆಗೆ ವಾಲಿಲ್ಲ.

ಆ ಬೆಳಗ್ಗೆ ವರದಾ ಅವರ ಧಕ್ಕೆಯ ಗೂಟದಲ್ಲಿ ನೀಲಿ ಹಗ್ಗ ಒಂದೇ ಇತ್ತಂತೆ. ತಾನು ಮುಟ್ಟಿಲ್ಲ ಅಂತ ಅವರು ಇಂದಿಗೂ ಆಣೆ ಮಾಡುತ್ತಾರೆ.

ನಂಬಿರಿ, ಬಿಡಿರಿ, ನಡೆದದ್ದು ನಡೆದಿದೆ. ಆ ಹಳದಿ ಹಗ್ಗದಿಂದ ಯಂಕಪ್ಪ ಈಗ ಎಮ್ಮೆ ಕಟ್ಟುತ್ತಾನೆ. ಹೋದ ದೀಪಾವಳಿಗೆ ಹೋದಾಗ ನಾನೇ ಕೈಯಲ್ಲಿ ಹಿಡಿದು ನೋಡಿದೆ. ಎರಡು ಮಳೆಗಾಲ ನೆನೆದ ಹಗ್ಗ ಅದು, ದಿನಾ ಬಾವಿಯ ಸಿಹಿ ನೀರಿನಲ್ಲಿ ತೊಳೆಯುತ್ತಾರೆ. ಎಮ್ಮೆ ಇನ್ನೂ ಅದನ್ನು ನೆಕ್ಕುತ್ತದೆ. ನಾನೂ ನಾಲಿಗೆ ಹಚ್ಚಿ ನೋಡಿದೆ... ಉಪ್ಪು.